ಉಪ್ಪಿಲ್ಲದ ಗಂಜಿ

ನಮ್ಮ ಜನರಲ್ಲಿ ಉಪ್ಪು ಹಾಕದ ಗಂಜಿ ಉಣ್ಣುವುದು ಮನೆಯಲ್ಲಿ ಯಾರಾದರೂ ಸತ್ತಾಗ ಮಾತ್ರ. ಹೆಣ ಎತ್ತಿದ ಮೇಲೆ ಮೂರು ದಿನ ಆ ಮನೆಯ ಒಲೆ ಹೊತ್ತುವುದಿಲ್ಲ. ನೆರೆಯವರು ಗಂಜಿ ಬೇಯಿಸಿ ತರುತ್ತಾರೆ, ಅದಕ್ಕೆ ಉಪ್ಪು ಹಾಕುವುದಿಲ್ಲ. ಮೂರನೆಯ ದಿನದ ಕೆಲಸ ಮುಗಿದ ಮೇಲೆ ಹಿರಿಯರೊಬ್ಬರು ಎಲ್ಲರ ಬಟ್ಟಲಿಗೂ ಒಂದೊಂದು ಚಿಟಿಕೆ ಉಪ್ಪು ಹಾಕುತ್ತಾರೆ. ಅಲ್ಲಿಗೆ ಸತ್ತವರು ಸತ್ತರು, ಇದ್ದವರು ಬದುಕಬೇಕು ಎಂದು ಅರ್ಥ. ಇದನ್ನು ಯಾರೂ ನಮಗೆ ಕೂರಿಸಿ ಕಲಿಸಿದ್ದಲ್ಲ. ಮೀನು ಹಿಡಿಯುವ, ಮೀನು ಮಾರುವ ಮನೆಗಳಲ್ಲಿ ಹುಟ್ಟಿದವರಿಗೆ ಮಾತು ಬರುವ ಮುಂಚೆಯೇ ಈ ಗಂಜಿಯ ರುಚಿ ಗೊತ್ತಾಗಿರುತ್ತದೆ.

ಅಮ್ಮನಿಗೆ ಅದು ಆರನೆಯ ವರ್ಷಕ್ಕೇ ಗೊತ್ತಾಗಿತ್ತು. ಅವಳ ಅಪ್ಪ ದೋಣಿ ಮಗುಚಿ ಹೋದವನು ದಡಕ್ಕೆ ಬರಲೇ ಇಲ್ಲ. ಹೆಣವಿಲ್ಲದ ಸಾವಾದ್ದರಿಂದ ಮೂರನೆಯ ದಿನ ಯಾವುದೆಂದು ಹಿರಿಯರಿಗೆ ಲೆಕ್ಕ ಹಿಡಿಯಲು ಆಗಲಿಲ್ಲವಂತೆ. ಹಾಗಾಗಿ ಹೆಚ್ಚು ಕಡಿಮೆ ಹನ್ನೆರಡು ದಿನ ಅವಳಿಗೆ ಸಪ್ಪೆ ಗಂಜಿಯೇ ಗತಿ. ಈ ಕತೆಯನ್ನು ಅವಳು ಹೇಳುವಾಗ ಅಪ್ಪ ಸತ್ತದ್ದಕ್ಕಿಂತ ಗಂಜಿ ಸಪ್ಪೆಯಾಗಿದ್ದದ್ದನ್ನೇ ಹೆಚ್ಚು ಹೇಳುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು.

ನನ್ನ ಅಪ್ಪ ಬದುಕಿದ್ದೇ ಉಪ್ಪಿನಲ್ಲಿ. ಮಂಕಿಯ ನಮ್ಮ ಮನೆಯಿಂದ ಅವನು ದಿನಾ ಸೈಕಲ್ ತುಳಿದು ಹೊನ್ನಾವರದ ಎದುರು ದಡದ ಕಾಸರಕೋಡಿಗೆ ಹೋಗುತ್ತಿದ್ದ. ಅಲ್ಲಿ ಮೀನಿಗೆ ಉಪ್ಪು ಹಾಕುವ ಯಾರ್ಡಿನಲ್ಲಿ ಅವನು ಮೇಸ್ತ್ರಿ. ಹೆಂಗಸರು ಸಾಲಾಗಿ ಕೂತು ಬಂಗಡೆಯ ಹೊಟ್ಟೆ ಸೀಳಿ ಕೊಡುತ್ತಿದ್ದರು. ಎಷ್ಟು ಮೀನಿಗೆ ಎಷ್ಟು ಉಪ್ಪು, ಎಷ್ಟು ದಿನ ತೊಟ್ಟಿಯಲ್ಲಿ, ಎಷ್ಟು ದಿನ ಬಿಸಿಲಲ್ಲಿ ಎನ್ನುವುದು ಅಪ್ಪನ ಕೆಲಸ. ತೂಕದ ಕಲ್ಲು ಅಲ್ಲೇ ಇದ್ದರೂ ಅವನಿಗೆ ಅದು ಬೇಕಿರಲಿಲ್ಲ. ತೊಟ್ಟಿಯ ನೀರಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ, 'ಇನ್ನೂ ಎರಡು ಬುಟ್ಟಿ ಹಾಕಿ' ಎನ್ನುತ್ತಿದ್ದ. ಭಟ್ಕಳದಿಂದ ಒಣಮೀನು ಕೊಳ್ಳಲು ಬರುತ್ತಿದ್ದ ವ್ಯಾಪಾರಿಗಳು ಅವನ ಜೊತೆ ನವಾಯತಿಯಲ್ಲಿ ಮಾತಾಡುತ್ತಿದ್ದರು, ಹೊನ್ನಾವರದವರು ಕೊಂಕಣಿಯಲ್ಲಿ. ಅವನು ಎಲ್ಲರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡುತ್ತಿದ್ದ, ಅವರವರ ಮಾತಿನಲ್ಲೇ ಬೈಯುತ್ತಿದ್ದ. ಮುಂಬಯಿ ಸರಕಾರ ಇದ್ದಾಗ ಕಲಿತ ಮರಾಠಿಯಲ್ಲಿ ಲೆಕ್ಕ ಹಾಕುತ್ತಿದ್ದ. ನಾಲ್ಕು ಭಾಷೆ ಬಲ್ಲ ಬಾಯಿ ಎಂದು ಅಮ್ಮ ಅವನನ್ನು ಹಂಗಿಸುತ್ತಿದ್ದಳು. ಒಂದು ಭಾಷೆಯಲ್ಲೂ ಬಾಯಿ ಮುಚ್ಚೂಕೆ ಬರೂದಿಲ್ಲ ಎನ್ನುತ್ತಿದ್ದಳು.

ಬಾಯಿ ಮುಚ್ಚಲು ಅವನಿಗೆ ಬರುತ್ತಿತ್ತು, ಸಿಟ್ಟು ಬಂದಾಗ. ಬೇರೆ ಗಂಡಸರು ಸಿಟ್ಟಿಗೆ ಬಟ್ಟಲು ಎಸೆಯುತ್ತಿದ್ದರು, ಹೆಂಡತಿಗೆ ಹೊಡೆಯುತ್ತಿದ್ದರು. ಅಪ್ಪ ಮಾತು ಬಿಡುತ್ತಿದ್ದ. ಬಟ್ಟಲ ಮುಂದೆ ಕೂತು, ಕೈ ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತಿದ್ದ. ಕರೆದರೆ ಓ ಎನ್ನುತ್ತಿರಲಿಲ್ಲ. ಇದು ಒಂದು ಹೊತ್ತು ನಡೆಯುವುದೂ ಉಂಟು, ಎರಡು ದಿನ ನಡೆಯುವುದೂ ಉಂಟು. ನಾವು ಅದಕ್ಕೆ ಒಗ್ಗಿ ಹೋಗಿದ್ದೆವು. ಒಗ್ಗಿ ಹೋದದ್ದೇ ನನ್ನ ಕರ್ಮ.

ಆಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನನಗೆ ಮಂಕಿಯ ಪ್ರಾಥಮಿಕ ಶಾಲೆಯಲ್ಲೇ ಕೆಲಸ ಸಿಕ್ಕಿತ್ತು. ನಮ್ಮ ಕೇರಿಯಿಂದ ಅಕ್ಕೋರಾದ ಮೊದಲನೆಯವಳು ನಾನು. ಮೀನಿನ ಬುಟ್ಟಿ ಹೊರುವ ಹೆಂಗಸಿನ ಮಗಳು ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋಗುವುದನ್ನು ಜನ ಅಂಗಳಕ್ಕೆ ಬಂದು ನೋಡುತ್ತಿದ್ದರು. ಜಂಬ ಇತ್ತು ನನಗೆ. ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಕಡಿಮೆ ಎಂದುಕೊಂಡಿದ್ದೆ.

ಆ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅಪ್ಪ ಸೈಕಲ್ಲಿನಿಂದ ಬಿದ್ದ. ಹಿಡಿಕೆಯ ಮೇಲಿನ ಬಲಗೈ ತಾನಾಗಿ ಜಾರಿತಂತೆ. ಎತ್ತಿ ಕೂರಿಸಿದವರ ಹತ್ತಿರ ಏನೋ ಹೇಳಲು ಹೋದರೆ ನಾಲಗೆ ಹೊರಳಲಿಲ್ಲವಂತೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ಎಲ್ಲ ಸರಿಯಾಗಿ, ತಾನೇ ಸೈಕಲ್ ತುಳಿದು ಮನೆಗೆ ಬಂದ. 'ಕೈ ಜೋಮು ಹಿಡ್ದಿತ್ತು ತಂಗೀ' ಎಂದು ನನಗೆ ಹೇಳಿದ. ಅಮ್ಮ ಬಿಸಿ ಎಣ್ಣೆ ತಿಕ್ಕಿದಳು. ನಾನು ಬಿಡಲಿಲ್ಲ. ಭಾನುವಾರ ಅವನನ್ನು ಎಳೆದುಕೊಂಡೇ ಹೊರಟೆ. ಕಾಸರಕೋಡಿನಿಂದ ಲಾಂಚಿನಲ್ಲಿ ಶರಾವತಿ ದಾಟಿ ಹೊನ್ನಾವರ, ಅಲ್ಲಿಂದ ಬಸ್ಸಿನಲ್ಲಿ ಕುಮಟೆ. ಕುಮಟೆಯಲ್ಲಿ ಮುಂಬಯಿಯಲ್ಲಿ ಓದಿ ಬಂದ ಡಾಕ್ಟರೊಬ್ಬರು ಇದ್ದರು.

ಡಾಕ್ಟರು ಅಪ್ಪನ ತೋಳಿಗೆ ಪಟ್ಟಿ ಸುತ್ತಿ, ಪಾದರಸ ಏರಿಳಿಯುವುದನ್ನು ಮೂರು ಸಲ ನೋಡಿದರು. ಮುಖ ಗಂಟು ಹಾಕಿಕೊಂಡು ನನ್ನನ್ನು ಕೇಳಿದರು, 'ನೀವು ಓದಿದವರೋ?'

'ಶಾಲೆಯಲ್ಲಿ ಅಕ್ಕೋರು' ಎಂದೆ.

'ಹಾಗಾದರೆ ನಿಮಗೇ ಹೇಳ್ತೇನೆ. ಇವರ ರಕ್ತದ ಒತ್ತಡ ಬಹಳ ಏರಿದೆ. ಮೊನ್ನೆ ಆದದ್ದು ಜೋಮು ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಸ್ವಲ್ಪ ಹೊತ್ತು ತಡೆಯಾಗಿತ್ತು, ಪುಣ್ಯಕ್ಕೆ ಬಿಟ್ಟಿತು. ಇನ್ನೊಮ್ಮೆ ಆದರೆ ಬಿಡುತ್ತದೆ ಅಂತ ಹೇಳಲು ಬರುವುದಿಲ್ಲ. ಬಿಡದಿದ್ದರೆ ಆ ಭಾಗ ಸಾಯುತ್ತದೆ.'

'ಸಾಯುತ್ತದೆ ಅಂದರೆ?'

'ಗದ್ದೆಗೆ ನೀರು ಬರುವುದು ನಿಂತರೆ ಸಸಿ ಬಾಡುತ್ತದೆ, ಮತ್ತೆ ನೀರು ಬಿಟ್ಟರೆ ಕೆಲವಾದರೂ ಏಳುತ್ತವೆ. ಮೆದುಳು ಹಾಗಲ್ಲ. ಕೆಲವು ನಿಮಿಷ ರಕ್ತ ಹೋಗದಿದ್ದರೆ ಸಾಯಲು ಶುರುವಾಗುತ್ತದೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕೈ ಮುರಿದರೆ ಕೂಡಿಸಬಹುದು. ಇದನ್ನು ಕೂಡಿಸುವವರು ಯಾವ ಊರಲ್ಲೂ ಇಲ್ಲ.'

ಅವರು ಕೊಟ್ಟದ್ದು ಎರಡು. ಒಂದು ಗುಳಿಗೆ. ಅದನ್ನು ಸರ್ಪಗಂಧಿಯ ಬೇರಿನಿಂದ ಮಾಡುತ್ತಾರೆ ಎಂದರು. ನಮ್ಮ ಕಾಡಿನ ಬೇರು ಎಲ್ಲಿಗೋ ಹೋಗಿ ಶೀಶೆಯಲ್ಲಿ ಕೂತು ತಿರುಗಿ ಕುಮಟೆಗೆ ಬಂದಿತ್ತು. ಇನ್ನೊಂದು ಪಥ್ಯ. 'ಉಪ್ಪು ಪೂರ್ತಿ ಬಂದ್. ಒಣಮೀನು, ಉಪ್ಪಿನಕಾಯಿ ಮನೆಯಲ್ಲೇ ಇರಬಾರದು.'

ಅಪ್ಪ ಜೋರಾಗಿ ನಕ್ಕುಬಿಟ್ಟ. 'ಡಾಕ್ಟ್ರೇ, ನಾ ಉಸಿರು ಎಳೆದ್ರೂ ಉಪ್ಪೇ ಒಳಗೆ ಹೋಗೂದು' ಎಂದ.

ಬರುವಾಗ ಲಾಂಚಿನಲ್ಲಿ ಅವನು ನದಿಯ ನೀರನ್ನು ಬೆರಳಿನಿಂದ ಮುಟ್ಟಿ, ಅಭ್ಯಾಸದಂತೆ ನಾಲಗೆಗೆ ಇಟ್ಟುಕೊಂಡ. ಭರತದ ಹೊತ್ತು, ಸಮುದ್ರದ ನೀರು ಹೊಳೆಯೊಳಗೆ ಬಂದಿತ್ತು. ನಾನು ಅವನ ಕೈಗೆ ಹೊಡೆದೆ. ಅಂದಿನಿಂದ ನಾನು ಅವನ ಮೇಲೆ ಪೊಲೀಸುಗಿರಿ ಶುರು ಮಾಡಿದೆ.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಮೀನು ಕೊಯ್ಯುತ್ತಿದ್ದಳು. ಕತ್ತಿ ಕೆಳಗಿಟ್ಟಳು.

'ಎಂತ? ಜೀವ ಇದ್ದವ್ರಿಗೆ ಉಪ್ಪಿಲ್ಲದ ಗಂಜಿ ಬಡ್ಸೂದಾ? ನನ್ನ ಕೈಯಾರೆ?'

'ಡಾಕ್ಟ್ರು ಹೇಳ್ಯಾರೆ.'

'ಡಾಕ್ಟ್ರಿಗೆ ಎಂತ ಗೊತ್ತು ನಮ್ಮ ಮನೆ ಗಂಜಿ? ಗಂಡನ ಬಟ್ಟಲಿಗೆ ಸಪ್ಪೆ ಗಂಜಿ ಹಾಕಿ ಅವ್ರ ಮುಂದೆ ಕೂತ್ಕಳ್ಲಾ ನಾನು? ಅದ್ಕಿಂತ ಬೊಟ್ಟು ಅಳಿಸ್ಕಂಡು ಬಾ ಹೇಳು.'

ನಾನು ಮೆದುಳು, ನಾಳ, ಒತ್ತಡ ಎಂದು ಶಾಲೆಯ ಹಲಗೆಯ ಮುಂದೆ ನಿಂತವಳಂತೆ ಹೇಳಿದೆ. ಅವಳ ಕಿವಿಗೆ ಏನೂ ಹೋಗಲಿಲ್ಲ. ಅವಳ ಮಟ್ಟಿಗೆ ಆ ಗಂಜಿ ಬಡಿಸಿದರೆ ಸಾವನ್ನು ಮನೆಯೊಳಗೆ ಕರೆದು ಮಣೆ ಹಾಕಿದಂತೆ. ನನ್ನ ಮಟ್ಟಿಗೆ ಬಡಿಸದಿದ್ದರೆ ಹಾಗೆ. ಇಬ್ಬರೂ ಒಬ್ಬನ ಜೀವ ಉಳಿಸಲು ಒಂದೇ ಒಲೆಯ ಮುಂದೆ ಕಿತ್ತಾಡುತ್ತಿದ್ದೆವು. ಇದು ಈಗ ತಿಳಿಯುತ್ತದೆ. ಆಗ ಅವಳು ನನ್ನ ಕಣ್ಣಿಗೆ ಬರೀ ಓದಿಲ್ಲದ ಹೆಂಗಸಾಗಿದ್ದಳು, ಮತ್ತು ಹಾಗೆಂದು ಅವಳ ಮುಖಕ್ಕೇ ಅಂದೆ.

ಆ ಮೂರು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನು ಬೇರೆ ಮಡಕೆಯಲ್ಲಿ ಸಪ್ಪೆ ಗಂಜಿ, ಸಪ್ಪೆ ಸಾರು ಮಾಡಿ ಇಟ್ಟು ಶಾಲೆಗೆ ಹೋಗುವುದು, ಅಮ್ಮ ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕುವುದು. ನಾನು ಬಂದು ರುಚಿ ನೋಡಿ ಕೂಗಾಡುವುದು. ನಾನು ಉಪ್ಪು ತುಂಬಿಡುವ ಮರಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಅವಳು ನೆರೆಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಉಪ್ಪು ತರುವುದು. 'ಒಂದು ಚಿಟಿಕೆ, ಶಾಸ್ತ್ರಕ್ಕೆ' ಎನ್ನುತ್ತಿದ್ದಳು. ಅವಳ ಚಿಟಿಕೆ ಎಷ್ಟಿತ್ತೆಂದು ದೇವರಿಗೇ ಗೊತ್ತು. ಅಪ್ಪ ಇಬ್ಬರ ಬಟ್ಟಲೂ ಉಂಡು ಇಬ್ಬರನ್ನೂ ಸಮಾಧಾನ ಮಾಡುತ್ತಿದ್ದ. ಕಡೆಗೆ ಒಂದು ಶುಕ್ರವಾರ ನಾನು ರಂಪ ಮಾಡಿ ಅಡಿಗೆಯನ್ನು ಪೂರ್ತಿ ನನ್ನ ಕೈಗೆ ತೆಗೆದುಕೊಂಡೆ. ಮನೆಯಲ್ಲಿದ್ದ ಒಣ ಬಂಗಡೆಯನ್ನೆಲ್ಲ ನೆರೆಯವರಿಗೆ ಹಂಚಿದೆ. ಉಪ್ಪಿನ ಮರಿಗೆಯನ್ನು ಶಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆ ರಾತ್ರಿಯ ಊಟದಲ್ಲಿ ಅಪ್ಪ ಎರಡು ತುತ್ತು ಉಂಡು ಎದ್ದ.

'ತಂಗೀ, ಇದು ಉಣ್ಣೂಕೆ ಆಗೂದಿಲ್ಲ' ಎಂದ.

'ಆಗ್ಬೇಕು' ಎಂದೆ.

ಅವನು ನನಗೆ ಹೇಳಿದ ಕೊನೆಯ ಮಾತು ಅದು. ಅದಕ್ಕೆ ನಾನು ಕೊಟ್ಟ ಉತ್ತರ ಆ ಒಂದೇ ಪದ.

ಮರುದಿನ ಶನಿವಾರ, ಬೆಳಗಿನ ಶಾಲೆ. ಅದರ ಮೇಲೆ ಆ ದಿನ ಇನ್ಸ್‌ಪೆಕ್ಟರು ಬರುವವರಿದ್ದರು. ಅಮ್ಮ ಕತ್ತಲೆ ಹರಿಯುವ ಮುಂಚೆಯೇ ಬುಟ್ಟಿ ಹೊತ್ತು ಮೀನಿಗೆ ಹೋಗಿದ್ದಳು. ಅಪ್ಪ ಅಂದು ಯಾರ್ಡಿಗೆ ರಜೆ ಹಾಕಿದ್ದ. ನಾನು ಏಳೂವರೆಗೆ ಗಂಜಿ ಬಡಿಸಿ, ಜಡೆ ಹಾಕಿಕೊಳ್ಳುತ್ತ ನಿಂತೆ. ಅಪ್ಪ ಮಣೆಯ ಮೇಲೆ ಕೂತಿದ್ದ. ಒಂದು ತುತ್ತು ಬಾಯಿಗೆ ಹೋಯಿತು. ಎರಡನೆಯದು ಹೋಗಲಿಲ್ಲ. ಗಂಜಿ ಬಾಯಿಯ ಬಲಗಡೆಯಿಂದ ಇಳಿದು ಅಂಗಿಯ ಮೇಲೆ ಬಿತ್ತು. ಕೈ ತೊಡೆಯ ಮೇಲೆ ಬಿದ್ದಿತ್ತು. ಅವನು ಗೋಡೆ ನೋಡುತ್ತಿದ್ದ.

'ಅಪ್ಪಾ' ಎಂದೆ. ಓ ಎನ್ನಲಿಲ್ಲ.

'ಸಿಟ್ಟು ಮಾಡೂದಾದ್ರೆ ಮಾಡು. ಉಗುಳಿದ್ರೂ ನಾ ಉಪ್ಪು ಹಾಕೂದಿಲ್ಲ' ಎಂದೆ.

ಆಗ ಅವನು ನನ್ನ ಕಡೆ ತಿರುಗಿ ನೋಡಿದ. ಅವನ ಕಣ್ಣಿನಲ್ಲಿ ಇದ್ದದ್ದು ಸಿಟ್ಟಲ್ಲ. ನಾನು ಅದನ್ನು ಕಂಡೆ. ಕಂಡಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕಂಡೆ. ಶಾಲೆಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

ಇನ್ಸ್‌ಪೆಕ್ಟರು ಬಂದರು. ಮಕ್ಕಳಿಗೆ ಮಗ್ಗಿ ಕೇಳಿದರು, ನನ್ನ ಅಕ್ಷರ ಚೆನ್ನಾಗಿದೆ ಎಂದರು. ನಾನು ಹಿಗ್ಗಿನಿಂದ ಮನೆಗೆ ಬರುವಾಗ ಹನ್ನೆರಡಾಗಿತ್ತು. ಅಮ್ಮ ನನಗಿಂತ ಸ್ವಲ್ಪ ಮುಂಚೆ ಬಂದವಳು, ಬುಟ್ಟಿಯನ್ನು ಅಂಗಳದಲ್ಲೇ ಚೆಲ್ಲಿ ಒಳಗೆ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಮಣೆಯಿಂದ ಜಾರಿ ಗೋಡೆಯ ಬುಡಕ್ಕೆ ಬಿದ್ದಿದ್ದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಉಸಿರಿತ್ತು, ಎಚ್ಚರವೂ ಇತ್ತು. ಬಟ್ಟಲಿನ ಗಂಜಿ ಕೆನೆ ಕಟ್ಟಿತ್ತು, ನೊಣ ಕೂತಿತ್ತು.

ಕುರ್ಚಿಗೆ ಕಟ್ಟಿ ಬಸ್ಸಿಗೆ ಹತ್ತಿಸಿದೆವು. ಕಾಸರಕೋಡಿನಲ್ಲಿ ಲಾಂಚು ಆಚೆ ದಡದಲ್ಲಿತ್ತು. ಅದು ಬರುವವರೆಗೆ ಬಿಸಿಲಲ್ಲಿ ಕೂತೆವು. ಯಾರ್ಡಿನ ಹೆಂಗಸರು ಓಡಿ ಬಂದು ಸುತ್ತ ನಿಂತು, 'ಮೇಸ್ತ್ರಿ, ನಾ ಯಾರು ಹೇಳಿ ಗೊತ್ತಾತಾ?' ಎಂದು ಒಬ್ಬೊಬ್ಬರೇ ಕೇಳಿದರು. ಎಲ್ಲರನ್ನೂ ಅವನು ಗುರುತು ಹಿಡಿದ. ಕಣ್ಣಿನಲ್ಲಿ ನೀರು ತುಂಬಿ ಇಳಿಯಿತು. ಹೊನ್ನಾವರದಲ್ಲಿ ಒಂದು ಬಾಡಿಗೆ ಕಾರು ಸಿಕ್ಕಿತು. ಕುಮಟೆ ಮುಟ್ಟುವಾಗ ನಾಲ್ಕು ಗಂಟೆ.

ಡಾಕ್ಟರು ಬಲಗೈ ಎತ್ತಿ ಬಿಟ್ಟರು, ಅದು ಒದ್ದೆ ಬಟ್ಟೆಯಂತೆ ಬಿತ್ತು. ಅಂಗಾಲಿಗೆ ಬೀಗದ ಕೈಯಿಂದ ಗೀರಿದರು. ಪೆನ್ನು ತೋರಿಸಿ 'ಇದು ಏನು?' ಎಂದರು. ಅಪ್ಪ ಬಾಯಿ ತೆರೆದ. 'ತ, ತ' ಎಂದ. ಅವನಿಗೇ ಗಾಬರಿಯಾಯಿತು. ಮತ್ತೆ ಪ್ರಯತ್ನ ಮಾಡಿದ, ಮತ್ತೆ ಅದೇ ಬಂತು.

'ಇದು ಎಷ್ಟು ಹೊತ್ತಿಗೆ ಆಯಿತು?' ಎಂದು ಡಾಕ್ಟರು ಕೇಳಿದರು.

'ಹನ್ನೊಂದರ ಸುಮಾರಿಗೆ' ಎಂದೆ.

ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಸೆರಗಿನಿಂದ ಅಪ್ಪನ ಬಾಯಿ ಒರೆಸಿದಳು.

'ಪಥ್ಯ ಮಾಡಿದ್ದರೋ?' ಎಂದು ಅವರು ಕೇಳಿದ್ದೇ ತಡ, ನನ್ನ ಬಾಯಿ ಹಿಡಿತ ತಪ್ಪಿತು. ನಾನು ಕಷ್ಟಪಟ್ಟು ಸಪ್ಪೆ ಅಡಿಗೆ ಮಾಡಿದ್ದು, ಇವಳು ಕದ್ದು ಉಪ್ಪು ಹಾಕಿದ್ದು, ಮೂರು ತಿಂಗಳು ನಾನು ಬಡಿದುಕೊಂಡದ್ದು ಎಲ್ಲ ಹೇಳಿದೆ. ಆಸ್ಪತ್ರೆಯ ಜಗಲಿಯಲ್ಲಿದ್ದ ರೋಗಿಗಳೆಲ್ಲ ಅಮ್ಮನನ್ನು ನೋಡಿದರು. ಬೆಳಗಿನ ಮೀನಿನ ವಾಸನೆ ಅವಳ ಸೀರೆಯಲ್ಲಿ ಇನ್ನೂ ಇತ್ತು. ಅವಳು ನೆಲ ನೋಡುತ್ತ ನಿಂತಿದ್ದಳು.

ಡಾಕ್ಟರು ನನ್ನನ್ನು ಬದಿಗೆ ಕರೆದರು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ, ಬಲಗೈ ಬಲಗಾಲಿನ ಶಕ್ತಿಯೂ ಮಾತೂ ಅಲ್ಲೇ ಇರುವುದು ಎಂದರು. ನಾಳ ಕಟ್ಟಿಕೊಂಡದ್ದೋ ಒಡೆದದ್ದೋ ಇಲ್ಲಿ ಕೂತು ಖಚಿತ ಹೇಳಲು ಬರುವುದಿಲ್ಲ, ಕಟ್ಟಿಕೊಂಡದ್ದೇ ಇರಬೇಕು ಎಂದರು. ಕಾಲಿಗೆ ಸ್ವಲ್ಪ ಶಕ್ತಿ ಬರಬಹುದು, ಮಾತಿನ ಆಸೆ ಇಟ್ಟುಕೊಳ್ಳಬೇಡಿ ಎಂದರು.

'ಬೇಗ ತಂದಿದ್ದರೆ?' ಎಂದು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

ಅವರು ಕೈ ತೊಳೆಯುತ್ತಿದ್ದರು. 'ಸುಳ್ಳು ಹೇಳುವುದಿಲ್ಲ. ಕಟ್ಟಿದ ನಾಳವನ್ನು ಬಿಡಿಸುವ ಮದ್ದು ನನ್ನ ಹತ್ತಿರ ಇಲ್ಲ. ನೀವು ಒಂದು ತಾಸಿನಲ್ಲಿ ತಂದಿದ್ದರೂ ನಾನು ಹೆಚ್ಚೇನೂ ಮಾಡುತ್ತಿರಲಿಲ್ಲ. ಆ ಉಪ್ಪಿಗೂ ಅಷ್ಟು ಬೈಯಬೇಡಿ. ಈ ಒತ್ತಡ ಮೂರು ತಿಂಗಳದ್ದಲ್ಲ, ಹತ್ತು ಹದಿನೈದು ವರ್ಷದ್ದು.'

ಈ ಮಾತು ಕೇಳಿ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಮದ್ದು ಇರಲಿಲ್ಲ, ನಿಜ. ಆದರೆ ಅವನು ಹತ್ತಿರ ಹತ್ತಿರ ನಾಲ್ಕೂವರೆ ತಾಸು ಒಬ್ಬನೇ ಆ ಗೋಡೆಯ ಬುಡದಲ್ಲಿ ಬಿದ್ದಿದ್ದ. ಕೂಗಲು ನಾಲ್ಕು ಭಾಷೆ ಬರುತ್ತಿದ್ದ ಮನುಷ್ಯ ಒಂದರಲ್ಲೂ ಕೂಗಲಾರದೆ ಬಿದ್ದಿದ್ದ. ಬಾಗಿಲಿನಿಂದ ಹೊರಗೆ ಹೋದ ನನ್ನ ಚಪ್ಪಲಿಯ ಸಪ್ಪಳ ಕೇಳಿಸಿಕೊಂಡಿದ್ದ. ಇದಕ್ಕೆ ಡಾಕ್ಟರ ಹತ್ತಿರ ಮದ್ದು ಬೇಕಿರಲಿಲ್ಲ, ನಾನು ತಿರುಗಿ ಬಂದಿದ್ದರೆ ಸಾಕಿತ್ತು. ಮತ್ತು ಉಪ್ಪಿನ ಬಗ್ಗೆ ಅವರು ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ತಪ್ಪು ಯಾರದೋ ಒಬ್ಬರದ್ದಾಗಬೇಕಿತ್ತು, ಅವಳದ್ದೇ ಆಗಿರಲಿ ಎಂದು ಬಿಟ್ಟೆ.

ಅಪ್ಪ ಆಮೇಲೆ ಏಳು ವರ್ಷ ಬದುಕಿದ. ಕಾಲು ಎಳೆದುಕೊಂಡು ಅಂಗಳದವರೆಗೆ ನಡೆಯುವಷ್ಟು ಆಯಿತು. ಬಲಗೈ ಮಡಚಿ ಎದೆಗೆ ಅಂಟಿಕೊಂಡೇ ಉಳಿಯಿತು. ಮಾತು ಬರಲಿಲ್ಲ. 'ತ, ತ' ಒಂದೇ. ನಾನು ಮಕ್ಕಳಿಗೆ ಕಲಿಸುವಂತೆ ಅವನಿಗೆ ಅ ಆ ಇ ಈ ಕಲಿಸಲು ಹೋದೆ. ಹಲಗೆ ಬಳಪ ಮುಂದಿಟ್ಟರೆ ಎಡಗೈಯಿಂದ ಅದನ್ನು ದೂರ ತಳ್ಳುತ್ತಿದ್ದ. ಅವನಿಗೆ ಎಲ್ಲ ತಿಳಿಯುತ್ತಿತ್ತು, ಅದೇ ದೊಡ್ಡ ಕ್ರೌರ್ಯ. ಮನೆಗೆ ಬಂದವರು ಅವನ ಎದುರಿಗೇ 'ತಲೆ ಹೋತಾ ಪೂರ್ತಿ?' ಎಂದು ನಮ್ಮನ್ನು ಕೇಳುತ್ತಿದ್ದರು. ಮಗುವನ್ನು ಮಾತಾಡಿಸುವಂತೆ ಗಲ್ಲ ಹಿಡಿದು ಮಾತಾಡಿಸುತ್ತಿದ್ದರು. ಅವನು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ. ಹಾಗೆ ನೋಡಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಔಷಧ ಹೇಳುವವರಿಗೆ ಬರವಿರಲಿಲ್ಲ. ಸಂತೆಗುಳಿಯಲ್ಲಿ ಒಬ್ಬರು ಎಣ್ಣೆ ಕೊಡುತ್ತಾರೆ ಎಂದರು, ಹೋದೆವು. ಹೆಬಳೆಯಲ್ಲಿ ಒಬ್ಬರು ನೂಲು ಮಂತ್ರಿಸಿ ಕಟ್ಟುತ್ತಾರೆ ಎಂದರು, ಕಟ್ಟಿಸಿದೆವು. ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಸತ್ತ ಕೈಗೆ ರಕ್ತ ಓಡುತ್ತದೆ ಎಂದು ಒಬ್ಬರು ಭಟ್ಕಳದಿಂದ ಪಾರಿವಾಳವನ್ನೇ ಬುಟ್ಟಿಯಲ್ಲಿಟ್ಟು ತಂದರು. ಕೈ ಸತ್ತಿಲ್ಲ, ಅದನ್ನು ಎತ್ತು ಎಂದು ಹೇಳುವ ಜಾಗ ತಲೆಯಲ್ಲಿ ಸತ್ತಿದೆ ಎಂದು ನಾನು ಅವರಿಗೆ ವಿವರಿಸಿದೆ. ಅವರು ತಲೆ ಅಲ್ಲಾಡಿಸಿ, ಹಾಗಾದರೆ ತಲೆಗೆ ಹಚ್ಚೋಣ ಎಂದರು. ಅಪ್ಪ ಬುಟ್ಟಿಯ ಒಳಗಿನ ಹಕ್ಕಿಯನ್ನು ನೋಡಿ 'ತ, ತ, ತ' ಎಂದು ಎಡಗೈ ಬೀಸಿದ. ಅಮ್ಮ ಬುಟ್ಟಿಯ ಬಾಯಿ ಬಿಚ್ಚಿಬಿಟ್ಟಳು. ಹಕ್ಕಿ ಹಾರಿ ಮನೆಯ ಮಾಡಿನ ಮೇಲೆ ಕೂತಿತು. ಎಷ್ಟೋ ದಿನದ ಮೇಲೆ ಅಪ್ಪ ಅಂದು ನಕ್ಕ, ಸೊಟ್ಟ ಬಾಯಲ್ಲಿ.

ನಾನು ನಗಲಿಲ್ಲ. ನನಗೆ ಆ ಏಳು ವರ್ಷ ಒಂದೇ ಕೆಲಸ, ಶಾಲೆಯಲ್ಲಿ ಕಲಿಸುವುದು, ಮನೆಯಲ್ಲಿ ಅಮ್ಮನನ್ನು ಚುಚ್ಚುವುದು. ಅಪ್ಪನ ಬಾಯಿಯಿಂದ ಜೊಲ್ಲು ಇಳಿದರೆ, 'ಹಾಕು ಇನ್ನೊಂದು ಚಿಟಿಕೆ' ಎನ್ನುತ್ತಿದ್ದೆ. ಅವನು ಕಾಲು ತಪ್ಪಿ ಬಿದ್ದರೆ, 'ಶಾಸ್ತ್ರ ಆತಾ?' ಎನ್ನುತ್ತಿದ್ದೆ. ಅವಳು ಒಂದು ದಿನವೂ ತಿರುಗಿ ಉತ್ತರ ಕೊಡಲಿಲ್ಲ. ಬಾಯಿ ಜೋರಿನ ಹೆಂಗಸು, ಪೇಟೆಯಲ್ಲಿ ಒಂದು ಮೀನಿಗಾಗಿ ಅರ್ಧ ತಾಸು ಜಗಳ ಕಾಯುವವಳು, ನನ್ನ ಎದುರು ಮೂಗಿಯಾದಳು. ಅದನ್ನು ನಾನು ತಪ್ಪು ಮಾಡಿದವಳ ಮೌನ ಎಂದುಕೊಂಡೆ. ಮೌನವನ್ನು ಓದುವುದರಲ್ಲಿ ನಾನು ಎಂಥ ಜಾಣೆ ಎಂದು ಹಿಂದೆಯೇ ಗೊತ್ತಾಗಿತ್ತಲ್ಲ.

ಇನ್ನೊಂದು ಸಂಗತಿಯನ್ನೂ ನಾನು ಬಹಳ ತಡವಾಗಿ ಗಮನಿಸಿದೆ. ಕುಮಟೆಯಿಂದ ಅಪ್ಪನನ್ನು ವಾಪಸು ಕರೆತಂದ ದಿನದಿಂದ ಅವನ ಗಂಜಿಯನ್ನು ಅವಳೇ ಬೇಯಿಸುತ್ತಿದ್ದಳು, ಉಪ್ಪಿಲ್ಲದೆ. ತನ್ನ ಬಟ್ಟಲಿಗೂ ಅದೇ ಮಡಕೆಯಿಂದ ಹಾಕಿಕೊಳ್ಳುತ್ತಿದ್ದಳು. ಮೊದಲು ಅವನಿಗೆ ಉಣ್ಣಿಸಿ, ಆಮೇಲೆ ಅವನ ಎದುರಿಗೇ ಕೂತು ತಾನು ಉಣ್ಣುತ್ತಿದ್ದಳು. ನನಗೆ ಮಾತ್ರ ಬೇರೆ ಸಾರು, ಉಪ್ಪು ಹುಳಿ ಖಾರ ಎಲ್ಲ ಇರುತ್ತಿತ್ತು. ಶಾಲೆಯ ಕಪಾಟಿನಿಂದ ಮರಿಗೆ ಎಂದೋ ಮನೆಗೆ ಬಂದಿತ್ತು. ನನ್ನ ಸಾರಿಗಲ್ಲದೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ.

ಅಪ್ಪ ಒಂದು ಮಧ್ಯಾಹ್ನ ಅಂಗಳದ ಬೆಂಚಿನ ಮೇಲೆ ಕೂತಲ್ಲೇ ಹೋದ. ಯಾರ್ಡಿನ ಹೆಂಗಸರೆಲ್ಲ ಬಂದರು, ಭಟ್ಕಳದ ಹಳೆಯ ವ್ಯಾಪಾರಿಗಳೂ ಇಬ್ಬರು ಬಂದು ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ನಿಂತರು. ಹೆಣ ಎತ್ತಿದ ಮೇಲೆ ನೆರೆಯ ಹೆಂಗಸು ದೊಡ್ಡ ಮಡಕೆಯಲ್ಲಿ ಗಂಜಿ ತಂದು ನಮ್ಮಿಬ್ಬರಿಗೂ ಬಡಿಸಿದಳು.

ಅಮ್ಮ ಬಟ್ಟಲು ಮುಟ್ಟಿ ನೋಡಿ, 'ಉಪ್ಪು ಕೊಡಿ' ಎಂದಳು.

ಕೂತವರು ಮುಖ ಮುಖ ನೋಡಿಕೊಂಡರು. ನೆರೆಯವಳು ಹತ್ತಿರ ಬಂದು ಮೆಲ್ಲಗೆ, 'ಅಕ್ಕಾ, ಇವತ್ತು ಆಗೂದಿಲ್ಲ. ಮೂರನೇ ದಿನಕ್ಕೆ' ಎಂದಳು.

'ನಂಗೆ ಗೊತ್ತಿಲ್ದಾ? ಏಳು ವರ್ಷ ಉಂಡೆ ಇದನ್ನ. ನನ್ನ ಮೂರು ದಿನ ಮುಗ್ದು ಹೋತು. ಉಪ್ಪು ಕೊಡಿ.'

ಯಾರೂ ಏಳಲಿಲ್ಲ. ಅವಳೇ ಎದ್ದು ಒಳಗೆ ಹೋಗಿ ಮರಿಗೆ ತಂದಳು. ದುಃಖಕ್ಕೆ ತಲೆ ತಿರುಗಿದೆ ಎಂದು ಗೊಣಗಿಕೊಂಡು ಹೆಂಗಸರು ಒಬ್ಬೊಬ್ಬರೇ ಅಂಗಳಕ್ಕೆ ಹೋದರು. ಒಳಗೆ ನಾವಿಬ್ಬರೇ ಉಳಿದೆವು. ನನ್ನಿಂದ ಇನ್ನು ತಡೆಯಲು ಆಗಲಿಲ್ಲ.

'ಅವ್ವಾ, ಹನ್ನೊಂದು ಗಂಟೆಗೆ ಅಲ್ಲ ಆದದ್ದು. ನಾ ಶಾಲೆಗೆ ಹೊರಡೂಕೆ ಮುಂಚೆನೇ ಆಗಿತ್ತು. ನಾ ನೋಡಿದ್ದೆ. ಬಿಟ್ಟು ಹೋದೆ.'

ಅವಳು ಗಂಜಿಗೆ ಉಪ್ಪು ಕಲಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

'ಗೊತ್ತು' ಎಂದಳು. 'ಅವ್ರ ಅಂಗಿ ಮೇಲೆ ಗಂಜಿ ಒಣಗಿ ಹಕ್ಕಳೆ ಕಟ್ಟಿತ್ತು. ಬಿಸಿ ಗಂಜಿ ಅಷ್ಟು ಒಣಗೂಕೆ ಎಷ್ಟು ಹೊತ್ತು ಬೇಕು ಹೇಳೂದು ತಿಳ್ಯೂಕೆ ಶಾಲೆಗೆ ಹೋಗ್ಬೇಕಾ?'

'ಮತ್ತೆ ಎಂತಕ್ಕೆ ಹೇಳ್ಲಿಲ್ಲ? ಏಳು ವರ್ಷ ನಾ ನಿಂಗೆ ಅಂದದ್ದೆಲ್ಲ ಎಂತಕ್ಕೆ ಕೇಳ್ಸ್ಕಂಡೆ?'

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಅದರಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ಇತ್ತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಇರಲಿಲ್ಲ.

'ನಾ ಹೇಳಿದ್ರೆ ನೀ ಅಲ್ಲೇ ಮುರ್ದು ಬೀಳ್ತಿದ್ದೆ. ಒಬ್ರು ಬಿದ್ದಾಗಿತ್ತು. ಇಬ್ರನ್ನ ಎತ್ತೂಕೆ ನನ್ ಹತ್ರ ಆಗೂದಿಲ್ಲ ಹೇಳಿ ಸುಮ್ನಾದೆ.'

ಅವಳು ತುತ್ತು ಬಾಯಿಗಿಟ್ಟಳು. ಏಳು ವರ್ಷದ ಮೇಲೆ ಉಪ್ಪು ನಾಲಗೆಗೆ ತಾಕಿದಾಗ ಕಣ್ಣು ಮುಚ್ಚಿದಳು. ಆಗ ಮಾತ್ರ ಅತ್ತಳು, ಸದ್ದಿಲ್ಲದೆ. ಅಳುತ್ತಲೇ ಬಟ್ಟಲು ಖಾಲಿ ಮಾಡಿದಳು.

ನಾನು ನನ್ನ ಬಟ್ಟಲನ್ನು ಸ್ವಲ್ಪ ಮರಿಗೆಯ ಕಡೆಗೆ ಸರಿಸಿದೆ. ಅವಳು ಅದನ್ನು ನೋಡಿದಳು. ಮರಿಗೆಯ ಮುಚ್ಚಳ ಹಾಕಿ, ಅದನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದಳು.